ಮಗುವಿನ ಕೂದಲಲ್ಲಿ ನೋವಿನ ಮದ್ದಿನ ಗುರುತು: ಪರೀಕ್ಷೆ ಹೇಗೆ, ವರದಿ ಓದುವುದು ಹೇಗೆ

ಮುಂಬಯಿ ಹತ್ತಿರದ ಡೊಂಬಿವಲಿಯ ಪರಿಚಯದ ಮನೆಯೊಂದರಲ್ಲಿ ಮಗುವಿಗೆ ಭಾನುವಾರ ಚೌಲ ಇತ್ತು. ಊರಿಂದ ನೆಂಟರೂ ಬಂದಾಗಿತ್ತು. ಶುಕ್ರವಾರ ಡಾಕ್ಟರು ಫೋನ್ ಮಾಡಿ, "ಈಗಲೇ ತಲೆ ಬೋಳಿಸಬೇಡಿ, ಕೂದಲು ಬೇಕು" ಎಂದರು.

ಆ ಮನೆಯಲ್ಲಿ ಅಜ್ಜನಿಗೆ ಕ್ಯಾನ್ಸರ್. ನೋವು ತಡೆಯಲು ದಿನವೂ ಮಾರ್ಫಿನ್ ಮಾತ್ರೆ. ಒಂದೂವರೆ ವರ್ಷದ ಮೊಮ್ಮಗಳಿಗೆ ಆಟ, ಊಟ, ನಿದ್ದೆ ಎಲ್ಲವೂ ಅಜ್ಜನ ಮಂಚದ ಮೇಲೆಯೇ. ಮಗು ಆಗಾಗ ಹಗಲಲ್ಲೂ ತೂಕಡಿಸುತ್ತಿತ್ತು, ಮಲ ಗಟ್ಟಿಯಾಗುತ್ತಿತ್ತು. ಮೂತ್ರ ಪರೀಕ್ಷೆ ಮಾಡಿಸಿದಾಗ ಮಾರ್ಫಿನ್ ಸಿಕ್ಕಿತು. ಅಷ್ಟೇ, ಮನೆಯವರ ಕಣ್ಣೆಲ್ಲ ಸೊಸೆಯ ಮೇಲೆ. ಕೆಲಸ ಮುಗಿಯಲಿ ಅಂತ ಮಗುವನ್ನು ಮಲಗಿಸಲು ಅವಳೇ ಏನಾದರೂ ಕೊಟ್ಟಳಾ?

ಇಂಥ ಹೊತ್ತಿನಲ್ಲಿ ಕೂದಲ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಆದರೆ ಅದನ್ನು ಸರಿಯಾಗಿ ಮಾಡಬೇಕು. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಮೊದಲೇ ಗೊತ್ತಿರಬೇಕು.

ಅದಕ್ಕೂ ಮುಂಚೆ ಒಂದು ಮಾತು. ಮಗು ಎಬ್ಬಿಸಿದರೂ ಏಳುತ್ತಿಲ್ಲ, ಉಸಿರಾಟ ನಿಧಾನವಾಗಿದೆ, ತುಟಿ ನೀಲಿಯಾಗಿದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿದೆ ಎಂದರೆ ಕೂದಲ ಯೋಚನೆಯೇ ಬೇಡ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಓಡಿ. ನಲಾಕ್ಸೋನ್ ಎಂಬ ಪ್ರತಿಮದ್ದು ಇದೆ. ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್ಪನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಕೂದಲೇ ಯಾಕೆ?

ರಕ್ತದಲ್ಲಿ ಮಾರ್ಫಿನ್‌ನಂಥ ನೋವಿನ ಮದ್ದುಗಳು ಸಾಮಾನ್ಯವಾಗಿ ಒಂದೆರಡು ದಿನ ಸಿಗುತ್ತವೆ, ಮೂತ್ರದಲ್ಲಿ ಎರಡು ಮೂರು ದಿನ. ಕೂದಲಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ತಲೆಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ರಕ್ತದ ಮೂಲಕ ಬಂದ ಮದ್ದು ಕೂದಲೊಳಗೆ ಸೇರಿಕೊಂಡು ಅದರ ಜೊತೆಗೇ ಮೇಲೆ ಬರುತ್ತದೆ. ಹಾಗಾಗಿ ಬುಡದಿಂದ 3 ಸೆಂಟಿಮೀಟರ್ ಎಂದರೆ ಹೆಚ್ಚುಕಡಿಮೆ ಹಿಂದಿನ ಮೂರು ತಿಂಗಳ ಲೆಕ್ಕ. ಆದರೆ ಕೂದಲು ಚರ್ಮದಿಂದ ಹೊರಬರಲು ಕೆಲವು ದಿನ ಬೇಕು. ನಿನ್ನೆ ಮೊನ್ನೆ ನುಂಗಿದ್ದು ಇದರಲ್ಲಿ ಕಾಣುವುದಿಲ್ಲ. ಒಂದೇ ಒಂದು ಸಲ ನುಂಗಿದ್ದು ಎಷ್ಟೋ ಸಲ ಸಿಗುವುದೇ ಇಲ್ಲ.

ಹಸುಗೂಸಿನ ವಿಷಯ ಬೇರೆ. ಹುಟ್ಟುಕೂದಲು ಬೆಳೆಯುವುದು ಗರ್ಭದಲ್ಲಿ, ಕೊನೆಯ ತಿಂಗಳುಗಳಲ್ಲಿ. ಆಗ ತಾಯಿ ತೆಗೆದುಕೊಂಡ ಮದ್ದೂ ಅದರಲ್ಲಿ ಸಿಗುತ್ತದೆ. ಗರ್ಭಿಣಿಯಾಗಿದ್ದಾಗ ಡಾಕ್ಟರೇ ಬರೆದುಕೊಟ್ಟ ಟ್ರಾಮಡಾಲ್ ಎಂಬ ನೋವಿನ ಮದ್ದು ಇರಬಹುದು. ಚೀಟಿಗಳನ್ನು ಎಸೆಯಬೇಡಿ.

ಕೂದಲು ತೆಗೆಯುವ ದಿನ

ಮೊದಲ ಕೆಲಸ, ಚೌಲ, ತಿರುಪತಿ ಮುಡಿ, ಕಟಿಂಗ್ ಎಲ್ಲ ಮುಂದಕ್ಕೆ ಹಾಕುವುದು. ತಲೆ ಬೋಳಿಸಿದರೆ ತಿಂಗಳುಗಳ ಲೆಕ್ಕ ಒಂದೇ ಸಲಕ್ಕೆ ಹೋಯಿತು. ಮೆಹಂದಿ, ಬಣ್ಣ ಏನೂ ಹಚ್ಚಬೇಡಿ. ಎಣ್ಣೆ ಹಚ್ಚಿದ್ದರೆ ಗಾಬರಿ ಬೇಡ, ಅದನ್ನು ಹೇಳಿದರೆ ಸಾಕು.

ಎರಡನೆಯದು, ಮನೆಯಲ್ಲಿ ನೀವೇ ಕತ್ತರಿಸಿ ಕೊರಿಯರ್ ಮಾಡಬೇಡಿ. ವಿಷಯ ಮುಂದೆ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ಹೋದರೆ, ಯಾರು ಕತ್ತರಿಸಿದರು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆ ಕೇಳುತ್ತಾರೆ. ಮಕ್ಕಳ ಡಾಕ್ಟರ ಮೂಲಕವೇ ಹೋಗಿ. ಪೋಷಕರ ಒಪ್ಪಿಗೆ ಬರಹದಲ್ಲಿ ಇರಲಿ.

ಆ ಮನೆಯ ಮಗುವಿನ ಕೂದಲು ತೆಗೆಯುವಾಗ ನಾನು ಪಕ್ಕದಲ್ಲೇ ಇದ್ದೆ. ಮಗು ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡಿತ್ತು. ನರ್ಸ್ ಹೊಸ ಗ್ಲೌಸ್ ಹಾಕಿಕೊಂಡರು, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದರು. ಹಿಂತಲೆಯ ಮೇಲುಭಾಗದಲ್ಲಿ, ಸುಳಿಯಿಂದ ಸ್ವಲ್ಪ ಕೆಳಗೆ, ಒಂದು ಎಳೆ ಬೇರ್ಪಡಿಸಿ ಬುಡದ ಹತ್ತಿರ ಬಿಳಿ ದಾರದಿಂದ ಕಟ್ಟಿದರು. ಆ ಜಾಗದಲ್ಲಿ ಕೂದಲು ಒಂದೇ ಸಮ ಬೆಳೆಯುತ್ತದಂತೆ. ಆಮೇಲೆ ಚರ್ಮಕ್ಕೆ ತಾಗಿದ ಹಾಗೆ ಕತ್ತರಿಸಿದರು. ಕೀಳಲಿಲ್ಲ, ಕೀಳಲೂಬಾರದು. ದೊಡ್ಡವರಿಂದ ಪೆನ್ಸಿಲ್ ದಪ್ಪದ ಕಟ್ಟು ತೆಗೆಯುತ್ತಾರೆ. ಮಗುವಿನ ಕೂದಲು ತೆಳು, ಒಂದೇ ಕಡೆ ಅಷ್ಟು ತೆಗೆದರೆ ಬೋಳು ಕಾಣುತ್ತದೆ. ಅದಕ್ಕೆ ಅಕ್ಕಪಕ್ಕದಿಂದ ಮೂರು ಸಣ್ಣ ಎಳೆ ತೆಗೆದರು. ಫಾಯಿಲ್‌ನಲ್ಲಿ ನೇರವಾಗಿ ಮಲಗಿಸಿ, ಬುಡದ ಕಡೆಗೆ ಪೆನ್ನಿನಲ್ಲಿ ಬಾಣದ ಗುರುತು ಹಾಕಿ, ಕಾಗದದ ಕವರಿಗೆ ಸೇರಿಸಿ ಸೀಲ್ ಮಾಡಿ ಸಹಿ ಹಾಕಿದರು. ಬುಡ ಯಾವುದು, ತುದಿ ಯಾವುದು ಗೊತ್ತಾಗದಿದ್ದರೆ ತಿಂಗಳ ಲೆಕ್ಕವೇ ಉಲ್ಟಾ ಆಗುತ್ತದೆ. ಫ್ರಿಜ್ ಬೇಡ, ಒಣಗಿದ ಕತ್ತಲ ಜಾಗ ಸಾಕು. ಮುಂಬಯಿ ಮಳೆಗಾಲದ ತೇವದಲ್ಲಿ ಈ ಮಾತು ನೆನಪಿರಲಿ.

ಜೊತೆಗೆ ಒಂದು ಪಟ್ಟಿ ಕೊಡಬೇಕು. ಮಗುವಿಗೆ ಕೊಟ್ಟ ಎಲ್ಲ ಮದ್ದು, ಕೆಮ್ಮಿನ ಸಿರಪ್ ಸಮೇತ. ಮನೆಯಲ್ಲಿ ಯಾರು ಯಾವ ನೋವಿನ ಮದ್ದು ತೆಗೆದುಕೊಳ್ಳುತ್ತಾರೆ. ಮೈಗೆ ಅಂಟಿಸುವ ಫೆಂಟನಿಲ್ ಎಂಬ ನೋವಿನ ಮದ್ದಿನ ಪ್ಯಾಚ್ ಇದ್ದರೆ ಅದೂ ಪಟ್ಟಿಯಲ್ಲಿ ಬರಲಿ, ಬಳಸಿ ತೆಗೆದ ಪ್ಯಾಚ್‌ನಲ್ಲೂ ಮದ್ದು ಉಳಿದಿರುತ್ತದೆ. ಗಸಗಸೆ ಪಾಯಸ ಮಾಡಿದ್ದರೆ ಅದನ್ನೂ ಬರೆಯಿರಿ. ಗಸಗಸೆಯಲ್ಲಿ ಮಾರ್ಫಿನ್, ಕೊಡೀನ್ (ಕೆಲವು ಕೆಮ್ಮಿನ ಸಿರಪ್‌ನಲ್ಲಿರುವ, ಮಾರ್ಫಿನ್ ಜಾತಿಯ ಮದ್ದು) ಅಂಶ ಇರುತ್ತದೆ, ಮೂತ್ರ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು.

ಲ್ಯಾಬಿಗೆ ಕೇಳಬೇಕಾದ ಎರಡು ಪ್ರಶ್ನೆ

ಕೂದಲನ್ನು ಪರೀಕ್ಷೆಗೆ ಮುಂಚೆ ತೊಳೆಯುತ್ತೀರಾ, ತೊಳೆದ ದ್ರವವನ್ನೂ ಪರೀಕ್ಷಿಸುತ್ತೀರಾ? ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ (ಅಣುಗಳ ತೂಕ ಅಳೆದು ಮದ್ದು ಯಾವುದೆಂದು ಗುರುತಿಸುವ ವಿಧಾನ) ಖಚಿತಪಡಿಸುತ್ತೀರಾ? ಎರಡಕ್ಕೂ ಹೌದು ಅನ್ನದಿದ್ದರೆ ಅಲ್ಲಿ ಕೊಡಬೇಡಿ. ಲ್ಯಾಬ್‌ಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇದೆಯಾ, ಅದು ಈ ಪರೀಕ್ಷೆಗೇ ಇದೆಯಾ ಅಂತಲೂ ನೋಡಿ.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಕೆನಡಾದ ಟೊರಾಂಟೊದಲ್ಲಿ ಮಕ್ಕಳ ಆಸ್ಪತ್ರೆಯೊಂದರ ಮದರಿಸ್ಕ್ ಎಂಬ ಲ್ಯಾಬ್ ವರ್ಷಗಟ್ಟಲೆ ಕೂದಲ ವರದಿ ಕೊಡುತ್ತಿತ್ತು. ಆ ವರದಿಗಳನ್ನು ನಂಬಿ ತಾಯಂದಿರಿಂದ ಮಕ್ಕಳನ್ನು ಬೇರೆ ಮಾಡಲಾಯಿತು. 2015ರಲ್ಲಿ ಸ್ವತಂತ್ರ ತನಿಖೆ ನಡೆದಾಗ ಆ ಪರೀಕ್ಷೆಗಳು ನಂಬಲು ಅರ್ಹವಲ್ಲ ಎಂದು ಗೊತ್ತಾಯಿತು. ನ್ಯಾಯಾಧೀಶೆ ಜುಡಿತ್ ಬೀಮನ್ ಅವರ ಆಯೋಗ 2018ರಲ್ಲಿ ಕೊಟ್ಟ ವರದಿಯ ಪ್ರಕಾರ 56 ಪ್ರಕರಣಗಳಲ್ಲಿ ತೀರ್ಮಾನದ ಮೇಲೆ ಆ ಪರೀಕ್ಷೆಗಳ ಪ್ರಭಾವ ದೊಡ್ಡದಾಗಿತ್ತು. ದತ್ತು ಹೋದ ಮಕ್ಕಳಲ್ಲಿ ಹೆಚ್ಚಿನವರು ಮತ್ತೆ ಅಮ್ಮನ ಮಡಿಲಿಗೆ ಬರಲೇ ಇಲ್ಲ.

ವರದಿ ಕೈಗೆ ಬಂದ ಮೇಲೆ

ಅಂಕಿ ನೋಡಿ ಹೆದರುವ ಮುಂಚೆ ಇದನ್ನು ಓದಿ. ಮಕ್ಕಳ ಕೂದಲು ದೊಡ್ಡವರದ್ದಕ್ಕಿಂತ ತೆಳು, ಹೊರಗಿನದ್ದನ್ನು ಬೇಗ ಹೀರಿಕೊಳ್ಳುತ್ತದೆ. ಮದ್ದು ತೆಗೆದುಕೊಳ್ಳುವವರ ಬೆವರು, ಮಾತ್ರೆ ಮುಟ್ಟಿದ ಬೆರಳು, ಒಂದೇ ದಿಂಬು, ಇಷ್ಟರಿಂದಲೂ ಗುರುತು ಬರಬಹುದು. ದೇಹದೊಳಗೆ ಮದ್ದು ಒಡೆದಾಗ ಆಗುವ ಪದಾರ್ಥಗಳು ಸಿಕ್ಕರೆ ಮಗು ನುಂಗಿದೆ ಎಂಬ ಸಂಶಯ ಬಲವಾಗುತ್ತದೆ. ಆದರೆ ದೊಡ್ಡವರ ಬೆವರಿನಲ್ಲೂ ಅವು ಇರುತ್ತವೆ, ಹಾಗಾಗಿ ಅದೂ ಪಕ್ಕಾ ಅಲ್ಲ. ಮಾರ್ಫಿನ್‌ಗೆ ಮಿಲಿಗ್ರಾಂ ಕೂದಲಿಗೆ 0.2 ನ್ಯಾನೊಗ್ರಾಂ ಎಂಬ ಗಡಿ ಬಳಕೆಯಲ್ಲಿದೆ. ಅದು ಮದ್ದು ಸೇವಿಸುವ ದೊಡ್ಡವರಿಗಾಗಿ ಇಟ್ಟದ್ದು. ಮಗುವಿನ ವರದಿಯನ್ನು ಅದಕ್ಕೆ ಹೋಲಿಸಿ ತೀರ್ಪು ಕೊಡಬಾರದು. ಎಷ್ಟು ಮಾತ್ರೆ ನುಂಗಿತ್ತು ಅನ್ನುವುದನ್ನು ಯಾವ ಲ್ಯಾಬೂ ಕೂದಲಿನಿಂದ ಲೆಕ್ಕ ಹಾಕಲಾರದು. ಕಪ್ಪು ಕೂದಲು ಈ ಮದ್ದುಗಳನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ, ನಮ್ಮ ಮಕ್ಕಳದ್ದು ಹೆಚ್ಚಾಗಿ ಕಪ್ಪು ಕೂದಲೇ ಅಲ್ವಾ?

ಇನ್ನು ಕೊಡೀನ್ ಸಿಕ್ಕಿದರೆ ಔಷಧದ ಡಬ್ಬಿಯನ್ನು ಹುಡುಕಿ. ಕೊಡೀನ್ ಕೆಲವು ಮಕ್ಕಳ ದೇಹದಲ್ಲಿ ಬಹಳ ಬೇಗ ಮಾರ್ಫಿನ್ ಆಗಿಬಿಡುತ್ತದೆ. ಅದಕ್ಕೇ ಅಮೆರಿಕದ ಔಷಧ ಇಲಾಖೆ 2017ರಲ್ಲಿ 12 ವರ್ಷಕ್ಕಿಂತ ಚಿಕ್ಕವರಿಗೆ ಕೊಡೀನ್ ಬೇಡವೇ ಬೇಡ ಎಂದಿತು, ನೋವಿಗೆ ಟ್ರಾಮಡಾಲ್ ಕೂಡ. ದೊಡ್ಡವರಿಗೆ ಬರೆದ ಕೆಮ್ಮಿನ ಸಿರಪ್ಪನ್ನು "ಅರ್ಧ ಚಮಚ ಸಾಕು" ಎಂದು ಮಗುವಿಗೆ ಕುಡಿಸುವ ಅಭ್ಯಾಸ ನಿಲ್ಲಬೇಕು. ಇದೇ ಮುಂಬಯಿಯಲ್ಲಿ ಗಿರಣಿಗಳ ಕಾಲದಲ್ಲಿ ಅಮ್ಮಂದಿರು ಪಾಳಿಗೆ ಹೋಗುವ ಮುಂಚೆ ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸುತ್ತಿದ್ದರು. ಬೇರೆ ದಾರಿ ಇರಲಿಲ್ಲ ಅವರಿಗೆ. ಈಗಲೂ ಹಾಗೆ ಒಬ್ಬಳೇ ಒದ್ದಾಡುವ ತಾಯಿ ಇದ್ದರೆ ಅವಳಿಗೆ ಮೊದಲು ಬೇಕಾದದ್ದು ಸಹಾಯ. ಮಗುವಿಗೆ ಯಾರೋ ಬೇಕೆಂದೇ ಕೊಡುತ್ತಿದ್ದಾರೆ ಎಂಬ ಅನುಮಾನ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಡೊಂಬಿವಲಿಯ ಮನೆಯ ವರದಿ ಬಂತು. ತಿಂಗಳಿಗೊಂದರಂತೆ ಕತ್ತರಿಸಿ ನೋಡಿದ ಕೂದಲಿನ ಮೂರು ಭಾಗದಲ್ಲೂ ಸ್ವಲ್ಪ ಸ್ವಲ್ಪ ಮಾರ್ಫಿನ್ ಇತ್ತು, ಯಾವ ತಿಂಗಳೂ ಎದ್ದು ಕಾಣುವಷ್ಟು ಹೆಚ್ಚಿರಲಿಲ್ಲ. ಡಾಕ್ಟರು ಸೊಸೆಯನ್ನು ಏನೂ ಕೇಳಲಿಲ್ಲ. ಅಜ್ಜನನ್ನು ಕೇಳಿದರು, ಮಾತ್ರೆ ಹೇಗೆ ತಗೋತೀರಿ ಅಂತ. ಅಜ್ಜ ಮಂಚದ ಮೇಲೆ ಕೂತು, ಉಗುರಿನಿಂದ ಮಾತ್ರೆ ಎರಡು ಮಾಡಿ, ಅರ್ಧ ಬಾಯಿಗೆ ಹಾಕಿಕೊಂಡು, ಉಳಿದರ್ಧ ದಿಂಬಿನ ಕೆಳಗೆ ಇಡುವುದನ್ನು ತೋರಿಸಿದರು. ಅದೇ ಬೆರಳಿನಿಂದ ಮೊಮ್ಮಗಳಿಗೆ ಬಿಸ್ಕತ್ತು ತಿನ್ನಿಸುತ್ತಿದ್ದರು. ಅತ್ತೆ ದಿಂಬು ಎತ್ತಿದಾಗ ಹಾಸಿಗೆಯ ಮಡಿಕೆಯಲ್ಲಿ ಬಿಳಿ ಪುಡಿ ಇತ್ತು. ಸೊಸೆ ಆ ಹೊದಿಕೆಯನ್ನು ತಾನೇ ಒಯ್ದು ಬಕೆಟ್ಟಿಗೆ ಹಾಕಿದಳು. ಈಗ ಮಾತ್ರೆ ಬೀಗ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಅಟ್ಟದ ಮೇಲಿದೆ, ಅಜ್ಜನಿಗೆ ಮಾತ್ರೆ ಆದ ಮೇಲೆ ಸೋಪು ಹಚ್ಚಿ ಕೈ ತೊಳೆಸುತ್ತಾರೆ. ಮುಂದಿನ ತಿಂಗಳ ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆಮೇಲೆ ಚೌಲ ಮಾಡಿದರು.