ಮನೆಯಲ್ಲಿ ಗುಡುಗು, ಬ್ಯಾಂಡಿನಲ್ಲಿ ಮಾಯ: ನಾನು ಪೆಡಲ್ ಆರಿಸಿಕೊಂಡ ಬಗೆ

ನಾನು ಮೊಟ್ಟಮೊದಲು ಕೊಂಡ ಡಿಸ್ಟಾರ್ಶನ್ ಪೆಡಲ್, ಅಂದರೆ ಎಲೆಕ್ಟ್ರಿಕ್ ಗಿಟಾರ್‌ನ ದನಿಯನ್ನು ಒಡೆದು ಒರಟಾಗಿಸುವ, ಕಾಲಲ್ಲಿ ತುಳಿಯುವ ಪೆಟ್ಟಿಗೆ, ಮನೆಯಲ್ಲಿ ಅದ್ಭುತವಾಗಿ ಕೇಳಿಸುತ್ತಿತ್ತು. ಬಾಗಿಲು ಹಾಕಿಕೊಂಡು, ಆಂಪ್ (ಆಂಪ್ಲಿಫೈಯರ್) ವಾಲ್ಯೂಮ್ ಎರಡಕ್ಕಿಟ್ಟು ಒಂದು ಪವರ್ ಕಾರ್ಡ್, ಅಂದರೆ ಎರಡು ಸ್ವರಗಳ ಜೋಡಿ, ಬಾರಿಸಿದರೆ ಸಾಕು, ಕೆಳಗೆ ಗುಡುಗು, ಮೇಲೆ ಮಿಂಚು. ಬೇಸ್ (ತಳದ ದನಿ) ಮತ್ತು ಟ್ರೆಬಲ್ (ಮೇಲಿನ ದನಿ) ಪೂರ್ತಿ ಏರಿಸಿ, ಮಿಡ್ (ನಡುವಿನ ದನಿ) ಪೂರ್ತಿ ಇಳಿಸಿದ್ದೆ. ಮೂರು ತಿಂಗಳು ಅದೇ ಸೆಟ್ಟಿಂಗ್‌ನಲ್ಲಿ ಅಭ್ಯಾಸ ಮಾಡಿದೆ. ಆಮೇಲೆ ಡ್ರಮ್ಸ್, ಬೇಸ್ ಗಿಟಾರ್ ಜೊತೆ ಮೊದಲ ಸಲ ನುಡಿಸಿದ ದಿನ ನನ್ನ ಗಿಟಾರ್ ಎಲ್ಲಿ ಹೋಯಿತೆಂದು ನನಗೇ ಗೊತ್ತಾಗಲಿಲ್ಲ. ವಾಲ್ಯೂಮ್ ಏರಿಸಿದೆ. ಗದ್ದಲ ಹೆಚ್ಚಾಯಿತು, ಸ್ವರ ಮಾತ್ರ ಈಚೆ ಬರಲಿಲ್ಲ.

ಕಾರಣ ತಿಳಿದದ್ದು ಆಮೇಲೆ. ಬೇಸ್ ಗಿಟಾರ್‌ನ ದಪ್ಪ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ, ಗಿಟಾರ್‌ನ ದಪ್ಪ ತಂತಿ ಸುಮಾರು 82ರಲ್ಲಿ. ತಳವನ್ನು ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಹಿಡಿದುಕೊಂಡಿರುತ್ತವೆ, ಮೇಲೆ ಸಿಂಬಲ್‌ಗಳು ಹರಡಿಕೊಂಡಿರುತ್ತವೆ. ಗಿಟಾರ್‌ಗೆ ಉಳಿಯುವುದು ನಡುವಿನ ಜಾಗ, ಅದನ್ನೇ ನಾನು ಕೈಯಾರೆ ಖಾಲಿ ಮಾಡಿಟ್ಟಿದ್ದೆ. ಇದರಲ್ಲಿ ಕಿವಿಯ ಪಾಲೂ ಇದೆ. ಸದ್ದು ಕಡಿಮೆಯಿದ್ದಾಗ ತಳದ ಸ್ವರಗಳು ನಮಗೆ ಇನ್ನಷ್ಟು ಕ್ಷೀಣವಾಗಿ ಕೇಳಿಸುತ್ತವೆ ಎಂಬುದನ್ನು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಮೆಲ್ಲಗೆ ನುಡಿಸುವಾಗ ಬೇಸ್ ಏರಿಸೋಣ ಅನ್ನಿಸುವುದು ಸಹಜ. ಜೋರಾಗಿ ನುಡಿಸಿದಾಗ ಅದೇ ಬೇಸ್ ಎಲ್ಲವನ್ನೂ ನುಂಗಿಬಿಡುತ್ತದೆ.

ಇನ್ನೊಂದು ಪೆಡಲ್ ಕೊಳ್ಳುವ ಮೊದಲು, ಪೆಡಲ್ ಜೋಡಿಸಿಡುವ ಬೋರ್ಡಿನಲ್ಲಿದ್ದ ಎಲ್ಲವನ್ನೂ ಬಿಚ್ಚಿಟ್ಟೆ. ಎರಡು ವಾರ ಗಿಟಾರ್, ಒಂದು ಕೇಬಲ್, ಆಂಪ್, ಇಷ್ಟೇ. ಬ್ಯಾಂಡಿನ ಜೊತೆಗೂ ಹಾಗೇ ನುಡಿಸಿದೆ. ಎಲ್ಲೆಲ್ಲಿ ಕೊರತೆ ಅನ್ನಿಸಿತೋ ಅಲ್ಲಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡೆ. ಕೊನೆಗೆ ಚೀಟಿಯಲ್ಲಿದ್ದದ್ದು ಮೂರೇ ಸಾಲು: ಸೋಲೋ ಬಂದಾಗ ಮುಂದಕ್ಕೆ ಬರಬೇಕು, ಒಂದು ಹಾಡಿಗೆ ಒರಟು, ಹರಿದ ದನಿ ಬೇಕು, ನಿಧಾನ ಹಾಡುಗಳಲ್ಲಿ ಸ್ವರ ಬೇಗ ಒಣಗುತ್ತಿದೆ. ಕೋರಸ್, ಫ್ಲಾಂಜರ್, ವಾ ಎಂದು ಅಲ್ಲಿಯವರೆಗೆ ಕನವರಿಸುತ್ತಿದ್ದ ಯಾವ ಪೆಡಲ್ ಹೆಸರೂ ಅದರಲ್ಲಿರಲಿಲ್ಲ.

ಮೊದಲ ಸಾಲಿಗೆ ಓವರ್‌ಡ್ರೈವ್, ಅಂದರೆ ದನಿಯನ್ನು ಮೆಲ್ಲಗೆ ಒಡೆಯುವ ಪೆಡಲ್, ಬೇಕಿತ್ತು. ಅಂಥದ್ದೇ ಒಂದಾದ ಐಬನೀಜ್ ಟ್ಯೂಬ್ ಸ್ಕ್ರೀಮರ್ ಅನ್ನು ಹಿಂದೊಮ್ಮೆ ಒಬ್ಬನೇ ಕೂತು ನುಡಿಸಿ, ಮೂಗಿನಲ್ಲಿ ಹಾಡಿದ ಹಾಗಿದೆ ಎಂದು ಬಿಟ್ಟುಬಿಟ್ಟಿದ್ದೆ. ಈ ಸಲ ಗೆಳೆಯರೊಬ್ಬರಿಂದ ಎರವಲು ತಂದು ನೇರವಾಗಿ ಬ್ಯಾಂಡಿನ ನಡುವೆಯೇ ಆನ್ ಮಾಡಿದೆ. ಆ ಸರ್ಕ್ಯೂಟ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಅಷ್ಟು ಬಲ ಕೊಡುವುದಿಲ್ಲ, ಮೇಲಿನ ಚುರುಕನ್ನೂ ಸ್ವಲ್ಪ ಉಜ್ಜಿ ನಯಮಾಡುತ್ತದೆ; ಹೀಗಾಗಿ ನಡುವಿನ ದನಿ ಉಬ್ಬಿ ನಿಲ್ಲುತ್ತದೆ. ಡ್ರೈವ್ ನಾಬನ್ನು ಒಂಬತ್ತು ಗಂಟೆಯ ಹತ್ತಿರ, ಅಂದರೆ ಬಹುತೇಕ ಕೆಳಗೇ ಇಟ್ಟೆ. ಟೋನ್ ಅರ್ಧಕ್ಕೆ, ಲೆವೆಲ್ ಮೂರು ಗಂಟೆಗೆ. ದನಿ ಸ್ವಲ್ಪ ಒಡೆಯಲು ಶುರುವಾಗಿದ್ದ ಆಂಪ್ ಮೇಲೆ ಇದನ್ನು ತುಳಿದಾಗ ಎರಡನೇ ತಂತಿಯ ಮೇಲೆ ಎಳೆದ ಒಂದು ಬೆಂಡ್ ಡ್ರಮ್ಸ್ ದಾಟಿ ಸ್ಪಷ್ಟವಾಗಿ ಕೇಳಿಸಿತು. ಒಬ್ಬನೇ ಇದ್ದಾಗ ಮೂಗುದನಿ ಅನ್ನಿಸಿದ್ದೇ ಇಲ್ಲಿ ಕೊರಳಾಗಿತ್ತು.

ಅಂದಿನಿಂದ ಯಾವ ಪೆಡಲನ್ನೂ ನನ್ನ ಆಂಪ್, ನನ್ನ ವಾಲ್ಯೂಮ್, ನನ್ನ ಜೊತೆಯವರು ಇಲ್ಲದ ಕಡೆ ನುಡಿಸಿ ತೀರ್ಮಾನಿಸಿಲ್ಲ. ಇನ್ನೊಂದು ಎಚ್ಚರವೂ ಇದೆ. ಹೋಲಿಸಿ ನೋಡುವಾಗ ಪೆಡಲ್ ಆನ್ ಇದ್ದರೂ ಆಫ್ ಇದ್ದರೂ ಸದ್ದಿನ ಮಟ್ಟ ಒಂದೇ ಇರುವಂತೆ ಲೆವೆಲ್ ಹೊಂದಿಸಿಕೊಳ್ಳಬೇಕು. ಸ್ವಲ್ಪ ಜೋರಾಗಿದ್ದರೂ ಕಿವಿ ಅದನ್ನೇ ಚೆನ್ನ ಅನ್ನುತ್ತದೆ.

ಹರಿದ ದನಿಗೆ ಫಝ್, ಅಂದರೆ ದನಿಯನ್ನು ಇನ್ನೂ ಒರಟಾಗಿ ಹರಿಯುವ ಪೆಡಲ್, ತಂದೆ. ಎರಡೇ ಟ್ರಾನ್ಸಿಸ್ಟರ್‌ಗಳ, 1966ರಲ್ಲಿ ಬಂದ ಫಝ್ ಫೇಸ್ ಮಾದರಿಯದು. ತಂದ ದಿನ ಅದು ಕರ್ಕಶವಾಗಿ ಕಿರುಚಿತು, ಮೋಸಹೋದೆ ಅಂದುಕೊಂಡೆ. ತಪ್ಪಿದ್ದದ್ದು ನಾನು ಅದನ್ನಿಟ್ಟ ಜಾಗದಲ್ಲಿ. ಬಫರ್ (ಸಿಗ್ನಲ್ ಸೊರಗದಂತೆ ಕಾಯುವ ಸರ್ಕ್ಯೂಟ್) ಇರುವ ಟ್ಯೂನರ್‌ನ (ಶ್ರುತಿ ನೋಡುವ ಪೆಡಲ್) ನಂತರ ಇಟ್ಟಿದ್ದೆ. ಈ ಬಗೆಯ ಫಝ್‌ನ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಒಳಬರುವ ಸಿಗ್ನಲ್‌ಗೆ ಅದು ಒಡ್ಡುವ ತಡೆ, ತುಂಬ ಕಡಿಮೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರ್‌ನ ಪಿಕಪ್ ನೇರವಾಗಿ ಸಿಕ್ಕಿದರೆ ಎರಡೂ ಒಂದಕ್ಕೊಂದು ಒಗ್ಗಿಕೊಂಡು ದನಿ ಮೆತ್ತಗಾಗುತ್ತದೆ. ನಡುವೆ ಬಫರ್ ಬಂದರೆ ಆ ನಂಟು ಕಡಿದುಹೋಗುತ್ತದೆ. ಫಝ್ ಅನ್ನು ಎಲ್ಲಕ್ಕಿಂತ ಮೊದಲು ಇಟ್ಟು, ಗಿಟಾರ್‌ನ ವಾಲ್ಯೂಮ್ ಏಳಕ್ಕೆ ಇಳಿಸಿದೆ. ಕಿರುಚಾಟ ನಿಂತು, ಗಾಜಿನಂಥ ತಿಳಿಯಾದ ಸದ್ದು ಬಂತು. ಹತ್ತಕ್ಕೆ ತಿರುಗಿಸಿದರೆ ಮತ್ತೆ ಗರ್ಜನೆ. ಒಂದೇ ಪೆಡಲ್, ಕಿರುಬೆರಳ ತುದಿಯಲ್ಲಿ ಎರಡು ದನಿ. ಆ ಸಂಜೆ ನಾನು ಊಟಕ್ಕೂ ಏಳಲಿಲ್ಲ.

ಬಫರ್ ಕೆಟ್ಟದ್ದೆಂದು ಇದರಿಂದ ತಿಳಿಯಬಾರದು. ಕೇಬಲ್ ಉದ್ದವಾದಷ್ಟೂ ಅದರ ಕೆಪ್ಯಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ) ಬೆಳೆಯುತ್ತದೆ, ಮೇಲಿನ ಸ್ವರಗಳು ಸೋರಿಹೋಗುತ್ತವೆ. ಪೆಡಲ್‌ಗಳೆಲ್ಲ ಟ್ರೂ ಬೈಪಾಸ್, ಅಂದರೆ ಆಫ್ ಇದ್ದಾಗ ಸಿಗ್ನಲ್ ತಮ್ಮ ಸರ್ಕ್ಯೂಟ್ ಮುಟ್ಟದೆ ಹಾದುಹೋಗುವ ಬಗೆಯವು, ಆಗಿದ್ದರೆ, ಎಲ್ಲವನ್ನೂ ಆಫ್ ಮಾಡಿದಾಗ ಪಿಕಪ್ ಎದುರು ಉಳಿಯುವುದು ಒಂದೇ ಉದ್ದನೆಯ ತಂತಿ. ಹಾಗಾಗಿ ನನ್ನ ಬೋರ್ಡಿನಲ್ಲಿ ಫಝ್ ಆದ ಕೂಡಲೇ ಬಫರ್ ಇರುವ ಟ್ಯೂನರ್ ಇದೆ.

ಮೂರನೆಯ ಸಾಲಿಗೆ ರಿವರ್ಬ್ (ಕೋಣೆಯ ಅನುರಣನದಂಥ ಗುಂಗು) ಅಂದುಕೊಂಡಿದ್ದೆ, ಆದರೆ ಆಂಪ್‌ನೊಳಗಿನ ಸ್ಪ್ರಿಂಗ್ ರಿವರ್ಬ್ ಸಾಕಾಗಿತ್ತು. ನುಡಿಸಿದ್ದನ್ನು ತುಸು ತಡೆದು ಮರುದನಿಸುವ ಡಿಲೇ ತಂದೆ, ಡಿಜಿಟಲ್. ಅದು ಬಂದ ದಿನವೇ ಬೋರ್ಡಿನಿಂದ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸಣ್ಣ ಸದ್ದು ಶುರುವಾಯಿತು. ಒಂದೇ ಅಡಾಪ್ಟರ್‌ನಿಂದ ನಾಲ್ಕಕ್ಕೂ ಸರಪಳಿಯಂತೆ ವಿದ್ಯುತ್ ಕೊಟ್ಟಿದ್ದೆ. ಡಿಲೇಯ ಡಿಜಿಟಲ್ ಗದ್ದಲ ಆ ತಂತಿಯ ಮೂಲಕವೇ ಓವರ್‌ಡ್ರೈವ್‌ಗೆ ನುಗ್ಗಿ ದೊಡ್ಡದಾಗುತ್ತಿತ್ತು. ಪ್ರತಿ ಪೆಡಲ್‌ಗೂ ಬೇರೆ ಬೇರೆ ಐಸೊಲೇಟೆಡ್ (ಒಂದಕ್ಕೊಂದು ಸಂಪರ್ಕವಿಲ್ಲದ) ಔಟ್‌ಪುಟ್ ಇರುವ ಪವರ್ ಸಪ್ಲೈ ಹಾಕಿದ ಮೇಲೆ ಪೂರ್ತಿ ನಿಶ್ಶಬ್ದ. ವೋಲ್ಟೇಜ್, ಪ್ಲಗ್‌ನ ಧ್ರುವ, ಮಿಲಿಆಂಪ್ ಮೂರನ್ನೂ ಓದಿಯೇ ಸಿಕ್ಕಿಸಿ. ಸಾಮಾನ್ಯವಾಗಿ 9 ವೋಲ್ಟ್, ಮಧ್ಯದಲ್ಲಿ ನೆಗೆಟಿವ್ ಇರುತ್ತದೆ, ಆದರೆ ಹಳೆಯ ಮಾದರಿಯ ಕೆಲವು ಜರ್ಮೇನಿಯಂ ಟ್ರಾನ್ಸಿಸ್ಟರ್‌ನ ಫಝ್‌ಗಳದು ಉಲ್ಟಾ.

ಡಿಲೇಯನ್ನು ಈಗ ಲೆಕ್ಕ ಹಾಕಿ ಹೊಂದಿಸುತ್ತೇನೆ. 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಬರುವ ಬೀಟ್‌ಗಳ ಸಂಖ್ಯೆ) ಭಾಗಿಸಿದರೆ ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಎಂದು ಸಿಗುತ್ತದೆ. ನಮ್ಮ ನಿಧಾನ ಹಾಡು 100ರಲ್ಲಿದೆ, ಅಲ್ಲಿಗೆ 600. ಅದರ ಮುಕ್ಕಾಲು, 450ಕ್ಕೆ ಇಟ್ಟು, ಮರುದನಿ ಎರಡೇ ಸಲ ಬರುವಂತೆ ಫೀಡ್‌ಬ್ಯಾಕ್ ಇಳಿಸಿದ್ದೇನೆ. ಮಿಕ್ಸ್, ಅಂದರೆ ಮೂಲ ದನಿಯ ಜೊತೆ ಬೆರೆಸುವ ಮರುದನಿಯ ಪ್ರಮಾಣ, ಎಷ್ಟು ಕಡಿಮೆಯೆಂದರೆ, ಡಿಲೇ ಇದೆಯೆಂದು ಜೊತೆಯವರಿಗೆ ತಿಳಿಯುವುದು ನಾನು ಅದನ್ನು ಆಫ್ ಮಾಡಿದಾಗ ಮಾತ್ರ.