ರೈಲು ಹಳಿ ಹಿಡಿದು ಇಸಾನ್: ಥಾಯ್ಲೆಂಡ್‌ನ ಈಶಾನ್ಯದಲ್ಲಿ ನಿಧಾನದ ಸುತ್ತಾಟ

ಥಾಯ್ಲೆಂಡ್‌ಗೆ ಹೋಗುತ್ತೇವೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ. ಪಟ್ಟಾಯಾನಾ, ಫುಕೆಟ್ಟಾ? ಎರಡೂ ಅಲ್ಲ, ಇಸಾನ್ ಅಂದರೆ ಅದೆಲ್ಲಿದೆ ಅಂತ ಮತ್ತೆ ಕೇಳುತ್ತಿದ್ದರು. ಇಸಾನ್ ಅಂದರೆ ಥಾಯ್ಲೆಂಡ್‌ನ ಈಶಾನ್ಯ ಭಾಗ. 20 ಪ್ರಾಂತ್ಯಗಳು, ದೇಶದ ಸುಮಾರು ಮೂರನೇ ಒಂದು ಭಾಗ ನೆಲ. ಉತ್ತರಕ್ಕೂ ಪೂರ್ವಕ್ಕೂ ಮೆಕಾಂಗ್ ನದಿ, ಆಚೆ ದಡ ಲಾವೋಸ್. ದಕ್ಷಿಣಕ್ಕೆ ಕಾಂಬೋಡಿಯಾ. ಸಮುದ್ರ ಇಲ್ಲ, ಬೀಚ್ ಇಲ್ಲ. ಹೊರದೇಶದವರು ಕಡಿಮೆ ಬರುವುದಕ್ಕೆ ಅದೇ ಕಾರಣ. ನಾನೂ ತಂಗಿಯೂ ಅಲ್ಲಿಗೆ ಹೋಗಿದ್ದಕ್ಕೂ ಅದೇ ಕಾರಣ.

ಪ್ಲಾನ್ ಮಾಡಲು ಕೂತಾಗ ನೋಡಬೇಕಾದ ಜಾಗಗಳ ಪಟ್ಟಿ ಮಾಡಲಿಲ್ಲ. ಥಾಯ್ ರೈಲ್ವೆಯ ನಕ್ಷೆ ತೆಗೆದೆವು. ಬ್ಯಾಂಕಾಕ್‌ನಿಂದ ಹೊರಟ ಹಳಿ ನಖೊನ್ ರಾಚಸೀಮಾದಲ್ಲಿ ಎರಡು ಕವಲಾಗುತ್ತದೆ. ಜನ ಈ ಊರನ್ನು ಕೋರಾಟ್ ಅಂತಲೇ ಕರೆಯುತ್ತಾರೆ. ಒಂದು ಕವಲು ಪೂರ್ವಕ್ಕೆ ಬುರಿರಾಮ್, ಸುರಿನ್ ದಾಟಿ ಉಬೊನ್ ರಾಚಥಾನಿಗೆ ಹೋಗುತ್ತದೆ. ಇನ್ನೊಂದು ಉತ್ತರಕ್ಕೆ ಖೋನ್ ಕೇನ್, ಉಡೊನ್ ಥಾನಿ ದಾಟಿ ಮೆಕಾಂಗ್ ದಡದ ನೊಂಗ್ ಖಾಯ್‌ಗೆ. ಎರಡೂ ತುದಿಗಳ ನಡುವೆ ನದಿ ಗುಂಟ ರಸ್ತೆ ಇದೆ, ಬಸ್ ಇದೆ. ಪೂರ್ವದ ಹಳಿಯಲ್ಲಿ ಹೋಗುವುದು, ನದಿ ಪಕ್ಕ ಬಸ್ಸಿನಲ್ಲಿ ಮೇಲಕ್ಕೆ ಏರುವುದು, ಉತ್ತರದ ಹಳಿಯಲ್ಲಿ ವಾಪಸ್ ಬರುವುದು. ನಮ್ಮ ಪ್ಲಾನ್ ಅಂದರೆ ಅಷ್ಟೇ. ಹೋದ ದಾರಿಯಲ್ಲೇ ವಾಪಸ್ ಬರುವ ಖರ್ಚೂ ಇಲ್ಲ, ಬೇಸರವೂ ಇಲ್ಲ.

ಮೊದಲೇ ಗಟ್ಟಿ ಮಾಡಿದ್ದು ಮೂರು: ಹೋಗಿ ಬರುವ ವಿಮಾನ, ಮೊದಲ ಊರಿನ ರೂಮು, ಕೊನೆಯ ರಾತ್ರಿ ರೈಲು. ಮಿಕ್ಕಿದ್ದೆಲ್ಲ ಅಲ್ಲಲ್ಲೇ. ಒಂದು ನಿಯಮ ಮಾತ್ರ ಇಟ್ಟುಕೊಂಡಿದ್ದೆವು. ಒಂದು ಊರಲ್ಲಿ ಕಮ್ಮಿ ಅಂದರೂ ಮೂರು ರಾತ್ರಿ, ಊರು ಬದಲಿಸುವ ದಿನ ಬೇರೆ ಏನೂ ನೋಡುವುದಿಲ್ಲ.

ಪ್ರವಾಸ ಅಗ್ಗವಾಗಿದ್ದು ಈ ನಿಯಮದಿಂದಲೇ. ಇಸಾನ್‌ನಲ್ಲಿ ದುಬಾರಿ ಅಂದರೆ ಊರು ಬದಲಿಸುವ ದಿನ. ಬಸ್ಸಿನ ದುಡ್ಡು, ಬಸ್ ಸ್ಟ್ಯಾಂಡಿನಿಂದ ಊರೊಳಗೆ ತುಕ್‌ತುಕ್, ಗೊತ್ತಿಲ್ಲದ ಊರಲ್ಲಿ ಸುಸ್ತಾಗಿ ಇಳಿದು ಕಣ್ಣಿಗೆ ಬಿದ್ದ ಮೊದಲ ರೂಮು, ಸಿಕ್ಕಿದ ಹೋಟೆಲಿನಲ್ಲಿ ಊಟ. ಮಾರನೇ ದಿನ ಬೆಳಗ್ಗೆ ಸಂತೆ ಎಲ್ಲಿ, 40 ಬಾತ್‌ಗೆ (ಬಾತ್ ಅಂದರೆ ಥಾಯ್ಲೆಂಡ್‌ನ ದುಡ್ಡು) ಅನ್ನ ಕೊಡುವವರು ಯಾರು ಅಂತ ಗೊತ್ತಾಗಿರುತ್ತದೆ. ಮೂರನೇ ದಿನ ಅವರೇ ನಿಮ್ಮನ್ನು ಗುರುತು ಹಿಡಿಯುತ್ತಾರೆ. ನಾಲ್ಕು ದಿನ ಇರುತ್ತೇವೆ ಅಂದರೆ ಗೆಸ್ಟ್‌ಹೌಸಿನವರು ಬಾಡಿಗೆಯನ್ನೂ ಸ್ವಲ್ಪ ಇಳಿಸುತ್ತಾರೆ, ಸೈಕಲ್ಲು ಸುಮ್ನೆ ಕೊಡುತ್ತಾರೆ.

ಲೆಕ್ಕ ಹೀಗಿತ್ತು. ಫ್ಯಾನ್ ರೂಮು ಇಬ್ಬರಿಗೆ 400ರಿಂದ 500 ಬಾತ್. ಊಟ, ಕಾಫಿ, ಹಣ್ಣು ಸೇರಿ ತಲೆಗೆ 200. ಓಡಾಟಕ್ಕೆ 100, 150. ಎಲ್ಲ ಸೇರಿ ತಲೆಗೆ ದಿನಕ್ಕೆ 700 ಬಾತ್ ಅಂತ ಇಟ್ಟುಕೊಂಡಿದ್ದೆವು, ಹೆಚ್ಚಿನ ದಿನ ಅದರೊಳಗೇ ಮುಗಿಯಿತು. ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಹಿಡಿದು ನೀವೇ ಗುಣಿಸಿಕೊಳ್ಳಿ. ಎಟಿಎಂನಲ್ಲಿ ಮಾತ್ರ ಹುಷಾರು. ಹೊರದೇಶದ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಜಾಸ್ತಿ ಮುರಿದುಕೊಳ್ಳುತ್ತಾರೆ. ಸಣ್ಣ ಸಣ್ಣ ಮೊತ್ತ ತೆಗೆದರೆ ಅದೇ ಒಂದು ದಿನದ ಊಟದ ದುಡ್ಡು. ಇಸಾನ್‌ನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಎಲ್ಲೆಲ್ಲೂ ಕಾಣುತ್ತದೆ. ಆದರೆ ನಾವು ಹೋದಾಗ ಅದರಲ್ಲಿ ನಮಗೆ ದುಡ್ಡು ಕೊಡಲು ಆಗಲಿಲ್ಲ. ನಗದೇ ಗತಿಯಾಗಿತ್ತು.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶ ಶುರುವಾದದ್ದು 2023ರ ನವೆಂಬರ್‌ನಲ್ಲಿ. ಎಷ್ಟು ದಿನ ಇರಬಹುದು ಅನ್ನುವ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ತೆಗೆಯುವ ಮುಂಚೆ ರಾಯಭಾರ ಕಚೇರಿಯ ತಾಣ ನೋಡಿಕೊಳ್ಳಿ. 2025ರ ಮೇ 1ರಿಂದ ಆನ್‌ಲೈನ್ ಆಗಮನ ಕಾರ್ಡ್ ಕಡ್ಡಾಯ. ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಭತ್ತದ ಕೊಯ್ಲು, ಬೆಳಗ್ಗೆ ತಣ್ಣಗೆ, ಮಳೆ ಇಲ್ಲ. ಮಾರ್ಚ್ ನಂತರ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್ ಹಬ್ಬ. ಬ್ಯಾಂಕಾಕ್‌ನಲ್ಲಿ ದುಡಿಯುವ ಇಸಾನ್ ಜನರೆಲ್ಲ ಊರಿಗೆ ಬರುವ ಹೊತ್ತು, ರೈಲು ಬಸ್ಸು ಯಾವುದರಲ್ಲೂ ಜಾಗ ಇರುವುದಿಲ್ಲ. ಹಬ್ಬವನ್ನೇ ನೋಡಬೇಕು ಅನ್ನುವವರಿಗೆ ಮೇ ತಿಂಗಳಲ್ಲಿ ಯಸೋಥೊನ್‌ನ ರಾಕೆಟ್ ಹಬ್ಬ, ಜುಲೈ ಆಸುಪಾಸು ಉಬೊನ್‌ನ ಮೇಣದ ಬತ್ತಿ ಮೆರವಣಿಗೆ ಇದೆ. ಆಗ ರೂಮು ಮೊದಲೇ ಹಿಡಿದಿರಬೇಕು.

ಇನ್ನು ದಾರಿ. ಬ್ಯಾಂಕಾಕ್‌ನ ಡೊನ್ ಮುವಾಂಗ್ ವಿಮಾನ ನಿಲ್ದಾಣದ ಎದುರಿಗೇ ರೈಲು ನಿಲ್ದಾಣ ಇದೆ. ಅಲ್ಲಿಂದ ಕೋರಾಟ್‌ಗೆ ಮೂರನೇ ದರ್ಜೆಯಲ್ಲಿ 200 ಬಾತ್ ಒಳಗೇ ಆಗುತ್ತದೆ. ಎಸಿ ಇಲ್ಲ, ಕಿಟಕಿ ತೆರೆದೇ ಇರುತ್ತದೆ. ನಿಲ್ದಾಣ ನಿಲ್ದಾಣಕ್ಕೂ ಅಮ್ಮಂದಿರು ಬುಟ್ಟಿ ಹಿಡಿದು ಹತ್ತುತ್ತಾರೆ. ಸುಟ್ಟ ಕೋಳಿ, ಅಂಟನ್ನ, ಐಸ್ ಹಾಕಿದ ಚಹಾ. ರೈಲು ತಡವಾಗುವುದು ಮಾಮೂಲು. ಅದಕ್ಕೇ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬಾರದು ಅಂದಿದ್ದು.

ಕೋರಾಟ್‌ನಲ್ಲಿ ನಿಲ್ಲದೆ ಬಸ್ಸಿನಲ್ಲಿ ಫಿಮಾಯ್‌ಗೆ ಹೋದೆವು, ಸುಮಾರು 60 ಕಿಲೋಮೀಟರ್. ಊರಿನ ನಟ್ಟನಡುವೆ ಕಾಂಬೋಡಿಯಾದ ಖ್ಮೇರ್ ಅರಸರ ಕಾಲದ ಕಲ್ಲಿನ ದೇವಾಲಯ. ಗೆಸ್ಟ್‌ಹೌಸಿನಿಂದ ನಡೆದೇ ಹೋಗಬಹುದು. ಬೌದ್ಧ ಗುಡಿ, ಆದರೆ ಗೋಡೆ ಮೇಲೆ ರಾಮಾಯಣ.

ಆಮೇಲೆ ಬುರಿರಾಮ್ ಪ್ರಾಂತ್ಯದ ಫನೊಮ್ ರುಂಗ್. ಆರಿಹೋದ ಜ್ವಾಲಾಮುಖಿಯ ನೆತ್ತಿಯ ಮೇಲೆ ಶಿವನ ಗುಡಿ. ಹತ್ತಿರದ ನಾಂಗ್ ರೊಂಗ್ ಊರಲ್ಲಿ ಉಳಿದು ಹೋಗಿ ಬರುವುದು ಸುಲಭ. ಬೇಲೂರು ಕಟ್ಟಿದ 12ನೇ ಶತಮಾನದಲ್ಲೇ ಇಲ್ಲಿಯ ದೊಡ್ಡ ಗೋಪುರವೂ ಎದ್ದಿದ್ದು. ಮುಖ್ಯ ಬಾಗಿಲ ಮೇಲೆ ನಟರಾಜ, ಅವನ ಕೆಳಗಿನ ತೊಲೆಯಲ್ಲಿ ಅನಂತಶಯನ. ವಿಷ್ಣು ಮಲಗಿದ್ದಾನೆ, ಹೊಕ್ಕುಳಿಂದ ಎದ್ದ ತಾವರೆಯಲ್ಲಿ ಬ್ರಹ್ಮ, ಕಾಲ ಬಳಿ ಲಕ್ಷ್ಮಿ. ನಮ್ಮ ಕಡೆಯವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಈ ತೊಲೆ 1960ರ ದಶಕದಲ್ಲಿ ಕಳುವಾಗಿ ಅಮೆರಿಕದ ಶಿಕಾಗೋ ಮ್ಯೂಸಿಯಂ ಸೇರಿತ್ತು. ಥಾಯ್ ಜನ ಗಲಾಟೆ ಎಬ್ಬಿಸಿ 1988ರಲ್ಲಿ ವಾಪಸ್ ತರಿಸಿಕೊಂಡರು. ಗುಡಿಯ 15 ಬಾಗಿಲುಗಳು ಒಂದೇ ಸಾಲಿನಲ್ಲಿವೆ. ವರ್ಷದಲ್ಲಿ ನಾಲ್ಕು ಸಲ ಸೂರ್ಯ ಆ ಸಾಲಿನಲ್ಲಿ ನೇರ ಹಾಯುತ್ತಾನೆ, ಹುಟ್ಟುವಾಗ ಎರಡು ಸಲ, ಮುಳುಗುವಾಗ ಎರಡು ಸಲ. ಆಗ ಹೋದರೆ ಜನಜಂಗುಳಿ. ನಾವು ಹೋದದ್ದು ವಾರದ ನಡುವಿನ ಒಂದು ಬೆಳಗ್ಗೆ, ಶಾಲೆ ಮಕ್ಕಳ ಒಂದು ಗುಂಪು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಬುರಿರಾಮ್, ಸುರಿನ್ ಎರಡೂ ಕಾಂಬೋಡಿಯಾ ಗಡಿಗೆ ತಾಗಿದ ಪ್ರಾಂತ್ಯಗಳು. 2025ರ ಜುಲೈನಲ್ಲಿ ಗಡಿಯಲ್ಲಿ ಎರಡೂ ದೇಶಗಳ ಸೇನೆಗಳ ನಡುವೆ ಕಾಳಗ ನಡೆಯಿತು. ನಾವು ಹೋಗಿದ್ದು ಅದಕ್ಕೂ ಮುಂಚೆ. ಈಗ ಹೋಗುವವರು ಆ ವಾರದ ಸುದ್ದಿ ನೋಡಿಕೊಂಡೇ ಹೊರಡಬೇಕು. ಸಂಶಯ ಇದ್ದರೆ ಈ ಕವಲು ಪೂರ್ತಿ ಬಿಟ್ಟು ಉತ್ತರದ ಹಳಿ ಹಿಡಿದರೂ ಪ್ರವಾಸ ಕೆಡುವುದಿಲ್ಲ.

ಸುರಿನ್‌ನಲ್ಲಿ ಅಂದುಕೊಂಡದ್ದಕ್ಕಿಂತ ಜಾಸ್ತಿ ದಿನ ಉಳಿದೆವು. ಕಾರಣ ರೇಷ್ಮೆ. ನಾವು ಶಿಡ್ಲಘಟ್ಟದ ಕಡೆಯವರು, ಚಿಕ್ಕವರಿದ್ದಾಗ ಮನೆಯಲ್ಲಿ ಹುಳ ಸಾಕುತ್ತಿದ್ದರು. ಸುರಿನ್ ಸುತ್ತಮುತ್ತ ಹಳ್ಳಿಗಳಲ್ಲಿ ಮನೆಯ ಕೆಳಗೆ, ಕಂಬಗಳ ನಡುವೆ ಮಗ್ಗ ಇರುತ್ತದೆ. ಒಂದು ಮನೆಯ ಮುಂದೆ ಅಜ್ಜಿಯೊಬ್ಬರು ಇದ್ದಿಲ ಒಲೆಯ ಮೇಲೆ ಮಣ್ಣಿನ ಮಡಕೆ ಇಟ್ಟು ನೂಲು ತೆಗೆಯುತ್ತಿದ್ದರು. ಗೂಡು ಅರಿಶಿನದ ಹಾಗೆ ಹಳದಿ. ಕೈಯಲ್ಲಿ ಕವಲು ಕಡ್ಡಿ. ಅದರಿಂದ ಗೂಡನ್ನು ನೀರಲ್ಲಿ ಅದುಮುತ್ತಾ ಎಳೆ ಮೇಲಕ್ಕೆ ಎಳೆಯುತ್ತಿದ್ದರು. ನೂಲು ಬುಟ್ಟಿಯೊಳಗೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ನಮ್ಮ ಕಡೆ ಹುಳ ಗೂಡು ಕಟ್ಟುವ ಚಂದ್ರಿಕೆ ಚೌಕ, ಅವರದು ದುಂಡಗೆ. ಹೆಣೆದ ಬಿದಿರಿನ ಸುರುಳಿ ಮಾತ್ರ ಅದೇ. ಫೋನಿನಲ್ಲಿದ್ದ ನಮ್ಮ ಹಳೆ ಮನೆಯ ಚಂದ್ರಿಕೆ ಫೋಟೋ ತಂಗಿ ತೋರಿಸಿದಳು. ಅಜ್ಜಿ ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದರು. ಗೂಡು ಖಾಲಿಯಾದ ಮೇಲೆ ಉಳಿದ ಹುಳವನ್ನು ಬಿಸಿಬಿಸಿಯಾಗಿ ತಟ್ಟೆಗೆ ಹಾಕಿ ನಮ್ಮ ಮುಂದೆ ಇಟ್ಟರು. ಅಲ್ಲಿ ಅದು ತಿಂಡಿ. ತಂಗಿ ಒಂದನ್ನು ಬಾಯಿಗೆ ಹಾಕಿಕೊಂಡು, ಬೇಯಿಸಿದ ಕಡಲೆಬೀಜದ ಹಾಗಿದೆ ಅಂದಳು. ನಾನು ನಗುತ್ತಾ ಕೈಮುಗಿದೆ.

ಊರಿಗೆ ಹತ್ತಿರದ ಬಾನ್ ಥಾ ಸವಾಂಗ್ ಹಳ್ಳಿಯಲ್ಲಿ ಜರಿ ರೇಷ್ಮೆ ನೇಯುವ ಮಗ್ಗ ಎಷ್ಟು ಎತ್ತರ ಅಂದರೆ ಒಬ್ಬರು ಕೆಳಗಿನ ಗುಂಡಿಯಲ್ಲಿ ನಿಂತಿರಬೇಕು. ನಾಲ್ಕೈದು ಜನ ಸೇರಿ ನೇಯ್ದರೂ ದಿನಕ್ಕೆ ಆಗುವುದು ಕೆಲವೇ ಸೆಂಟಿಮೀಟರ್. ಬೆಲೆ ಕೇಳಿ ಸುಮ್ಮನಾದೆವು.

ಊಟದ ವಿಷಯ. ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ. ಇಸಾನ್‌ನಲ್ಲಿ ಅದು ಕಷ್ಟ ಅನ್ನುವುದು ನಿಜ. ಪಪ್ಪಾಯಿ ಕಾಯಿಯ ಸೊಮ್ ತಮ್ ನೋಡಲು ಕೋಸಂಬರಿಯೇ, ಒಳಗೆ ಮೀನಿನ ಸಾಸ್, ಒಣ ಸೀಗಡಿ, ಕೊಳೆಸಿದ ಮೀನಿನ ಪ್ಲಾ ರಾ. ಬೇಡ ಅಂದರೂ ಕುಟ್ಟುವ ಒರಳು ಅದೇ. ನನಗೆ ದಾರಿ ತೋರಿಸಿದ್ದು ಹಳದಿ ಬಾವುಟ. ಅದರ ಮೇಲೆ ಕೆಂಪು ಅಕ್ಷರದಲ್ಲಿ ಜೇ ಅಂತ ಇರುತ್ತದೆ, ನಮ್ಮ ಕಣ್ಣಿಗೆ 17 ಬರೆದ ಹಾಗೆ ಕಾಣುತ್ತದೆ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇಲ್ಲ. ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಪ್ರತಿ ದೊಡ್ಡ ಊರಲ್ಲೂ ಇಂಥ ಅಂಗಡಿ ಒಂದಾದರೂ ಇದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಪಾತ್ರೆ ಖಾಲಿ. ಹಾಗಾಗಿ ನನ್ನ ದೊಡ್ಡ ಊಟ ಬೆಳಗ್ಗೆ ಹನ್ನೊಂದಕ್ಕೆ. ರಾತ್ರಿಗೆ ಸಂತೆಯಲ್ಲಿ ಅಂಟನ್ನ, ಸುಟ್ಟ ಜೋಳ, ಬಾಳೆಹಣ್ಣು, ಜೊತೆಗೆ ಮನೆಯಿಂದ ಒಯ್ದ ಚಟ್ನಿಪುಡಿ. ಬಿದಿರಿನ ಪುಟ್ಟ ಬುಟ್ಟಿಯಿಂದ ಅಂಟನ್ನ ಚಿವುಟಿ ಉಂಡೆ ಮಾಡಿ ಚಟ್ನಿಪುಡಿಯಲ್ಲಿ ಅದ್ದಿ ತಿನ್ನಿ, ಆಮೇಲೆ ಹೇಳಿ.

ಉಬೊನ್‌ನಲ್ಲಿ ಇಳಿದಾಗ ಒಂದು ವಿಷಯ ನೆನಪಿಡಿ. ರೈಲು ನಿಲ್ದಾಣ ಇರುವುದು ಮೂನ್ ನದಿಯ ಈಚೆ ವಾರಿನ್ ಚಮ್ರಾಪ್‌ನಲ್ಲಿ. ಊರೊಳಗೆ ಹೋಗಲು ಸೊಂಗ್‌ಥ್ಯಾವ್ ಸಿಗುತ್ತದೆ. ಅದು ಹಿಂದೆ ಎರಡು ಸಾಲು ಬೆಂಚು ಹಾಕಿದ ಪಿಕಪ್ ಗಾಡಿ, ಇಳಿಯುವಾಗ ಗಂಟೆ ಒತ್ತಿ ಚಿಲ್ಲರೆ ಕೊಟ್ಟರಾಯಿತು. ಪೂರ್ವದ ತುದಿಯ ಖೊಂಗ್ ಚಿಯಾಮ್‌ನಲ್ಲಿ ಮೂನ್ ನದಿ ಮೆಕಾಂಗ್ ಸೇರುತ್ತದೆ, ಎರಡು ಬಣ್ಣದ ನೀರು ಪಕ್ಕಪಕ್ಕ ಹರಿಯುತ್ತದೆ. ಅಲ್ಲಿಂದ ಫಾ ತೇಮ್ ಬಂಡೆಯ ಹಳೆಯ ಚಿತ್ರಗಳಿಗೆ ಬಸ್ ಇಲ್ಲ. ಸ್ಕೂಟರ್ ಬಾಡಿಗೆಗೆ ಹಿಡಿಯುವುದಾದರೆ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡೇ ಹೋಗಿ. ಅದಿಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ. ನಮ್ಮ ಹಾಗೇ ಎಡಕ್ಕೇ ಓಡಿಸುತ್ತಾರೆ, ಅದೊಂದು ಅನುಕೂಲ.

ಉಬೊನ್‌ನಿಂದ ಮುಕ್ದಾಹಾನ್, ಥಾತ್ ಫನೊಮ್, ನಖೊನ್ ಫನೊಮ್ ಹೀಗೆ ನದಿ ಪಕ್ಕದ ಊರುಗಳು. ಬಸ್ಸು, ವ್ಯಾನು ಬೆಳಗ್ಗೆಯೇ ಜಾಸ್ತಿ, ಮಧ್ಯಾಹ್ನದ ನಂತರ ನಂಬಬೇಡಿ. ಆನ್‌ಲೈನ್ ವೇಳಾಪಟ್ಟಿಗಿಂತ ಹಿಂದಿನ ದಿನ ಸ್ಟ್ಯಾಂಡಿಗೆ ಹೋಗಿ ಕೇಳುವುದೇ ಸರಿ. ಥಾತ್ ಫನೊಮ್‌ನ ಸ್ತೂಪ 1975ರ ಆಗಸ್ಟ್‌ನಲ್ಲಿ ಮಳೆಗೆ ಕುಸಿದು ಬಿದ್ದಿತ್ತು, ಜನರೇ ದುಡ್ಡು ಹಾಕಿ ಮತ್ತೆ ಕಟ್ಟಿದರು. ನಖೊನ್ ಫನೊಮ್ ನನಗೆ ಬಹಳ ಹಿಡಿಸಿತು. ಆಚೆ ದಡದಲ್ಲಿ ಲಾವೋಸ್‌ನ ಸುಣ್ಣಕಲ್ಲಿನ ಗುಡ್ಡಗಳ ಸಾಲು, ಈಚೆ ದಡದುದ್ದಕ್ಕೂ ಸೈಕಲ್ ದಾರಿ. ವಿಯೆಟ್ನಾಂನಿಂದ ಬಂದು ನೆಲೆಸಿದವರು ಇಲ್ಲಿ ಬಹಳ, ಹೋ ಚಿ ಮಿನ್ ಕೂಡ 1920ರ ದಶಕದಲ್ಲಿ ಹತ್ತಿರದ ಹಳ್ಳಿಯಲ್ಲಿ ಇದ್ದವರು. ಬೆಳಗ್ಗೆ ಪುಟ್ಟ ಬಾಣಲೆಯಲ್ಲೇ ಮೊಟ್ಟೆ ತಂದಿಡುತ್ತಾರೆ, ಮೇಲಿನ ಸಾಸೇಜ್ ಬೇಡ ಅಂತ ಮುಂಚೆಯೇ ಹೇಳಬೇಕು.

ಕೊನೆಗೆ ನೊಂಗ್ ಖಾಯ್. ಊರ ಹೊರಗಿನ ಸಾಲಾ ಕೇವ್ ಕೂ ಅನ್ನುವ ತೋಟದಲ್ಲಿ ಕಾಂಕ್ರೀಟಿನ ಬೃಹತ್ ಬುದ್ಧರು, ಶಿವ, ವಿಷ್ಣು, ಹೆಡೆ ಎತ್ತಿದ ನಾಗಗಳು. ಲಾವೋಸ್‌ನಲ್ಲಿ 1975ರಲ್ಲಿ ಆಡಳಿತ ಬದಲಾದಾಗ ನದಿ ದಾಟಿ ಬಂದ ಬುನ್‌ಲುವಾ ಸುಲಿಲಾತ್ ಕಟ್ಟಿಸಿದ್ದು. ಅರ್ಧ ದಿನ ಬೇಕು, ಟೊಪ್ಪಿ ಬೇಕು.

ನೊಂಗ್ ಖಾಯ್‌ನಿಂದ ಬ್ಯಾಂಕಾಕ್‌ಗೆ ರಾತ್ರಿ ರೈಲಿನ ಸ್ಲೀಪರ್ ಬರ್ತ್ ಬೇಗ ತುಂಬುತ್ತದೆ. ಥಾಯ್ ರೈಲ್ವೆಯ ಡಿ-ಟಿಕೆಟ್ ತಾಣದಲ್ಲಿ ಮೊದಲೇ ತೆಗೆದಿಡಿ. ಕೆಳಗಿನ ಬರ್ತಿಗೆ ಸ್ವಲ್ಪ ಜಾಸ್ತಿ, ಅಗಲವೂ ಜಾಸ್ತಿ. ಎಸಿ ಎಷ್ಟು ಜೋರು ಅಂದರೆ ಶಾಲು ಇಲ್ಲದಿದ್ದರೆ ನಿದ್ದೆ ಇಲ್ಲ. ಬ್ಯಾಂಕಾಕ್‌ನಲ್ಲಿ ದೂರದ ರೈಲುಗಳು ಈಗ ನಿಲ್ಲುವುದು ಹಳೆಯ ಹುವಾ ಲಂಫೊಂಗ್ ನಿಲ್ದಾಣದಲ್ಲಲ್ಲ, 2023ರ ಜನವರಿಯಿಂದ ಬಾಂಗ್ ಸ್ಯೂದ ಹೊಸ ಟರ್ಮಿನಲ್‌ನಲ್ಲಿ. ವಿಮಾನ ಡೊನ್ ಮುವಾಂಗ್‌ನಿಂದ ಇದ್ದರೆ ಅಲ್ಲಿ ತನಕವೂ ಹೋಗಬೇಡಿ. ಅದಕ್ಕೂ ಮುಂಚೆಯೇ ಬೆಳಗಿನ ಜಾವ ರೈಲು ಡೊನ್ ಮುವಾಂಗ್‌ನಲ್ಲಿ ನಿಲ್ಲುತ್ತದೆ, ಅಲಾರಂ ಇಟ್ಟುಕೊಂಡು ಅಲ್ಲೇ ಇಳಿದುಬಿಡಿ.