ಕ್ರಿಯಾಪದ ಮೊದಲು, ಮತ ಎಣಿಕೆ ಆಮೇಲೆ: ಭದ್ರತಾ ಮಂಡಳಿಯ ನಿರ್ಣಯವನ್ನು ಓದುವುದು ಹೇಗೆ?

ಗಾಜಾದಲ್ಲಿ ರಂಜಾನ್ ತಿಂಗಳ ಮಟ್ಟಿಗೆ ತಕ್ಷಣ ಕದನ ವಿರಾಮವಾಗಬೇಕು ಎನ್ನುವ 2728ನೇ ನಿರ್ಣಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2024ರ ಮಾರ್ಚ್ 25ರಂದು ಅಂಗೀಕರಿಸಿತು. ಹದಿನಾಲ್ಕು ದೇಶಗಳು ಪರವಾಗಿ ಕೈ ಎತ್ತಿದವು, ಅಮೆರಿಕ ಮತದಾನದಿಂದ ದೂರ ಉಳಿಯಿತು, ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. ಈ ನಿರ್ಣಯಕ್ಕೆ ಬದ್ಧತೆಯ ಬಲವಿಲ್ಲವೆಂದು ಅಮೆರಿಕದ ಪ್ರತಿನಿಧಿ ಅಂದೇ ಹೇಳಿದರು. ಮಂಡಳಿಯ ನಿರ್ಣಯಕ್ಕೆ ಎಲ್ಲರೂ ಬದ್ಧರೇ ಎಂದು ಚೀನಾದ ಪ್ರತಿನಿಧಿ ಹೇಳಿದರು. ಇಬ್ಬರಲ್ಲಿ ಯಾರ ಮಾತು ಸರಿ ಎಂಬುದನ್ನು ಯಾರ ಹೇಳಿಕೆಯನ್ನೂ ನೆಚ್ಚದೆ ನಾವೇ ಕಂಡುಕೊಳ್ಳಬಹುದು, ಏಕೆಂದರೆ ನಿರ್ಣಯದ ಪೂರ್ಣ ಪಾಠ ವಿಶ್ವಸಂಸ್ಥೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಓದುವ ಕ್ರಮವನ್ನೂ ಅಂತರರಾಷ್ಟ್ರೀಯ ನ್ಯಾಯಾಲಯ 1971ರಲ್ಲಿ, ನಮೀಬಿಯಾ ಕುರಿತ ಸಲಹಾ ಅಭಿಪ್ರಾಯದಲ್ಲಿ, ಹೇಳಿಕೊಟ್ಟಿದೆ: ನಿರ್ಣಯದ ಪದಗಳನ್ನು, ಅದರ ಹಿಂದಿನ ಚರ್ಚೆಯನ್ನು, ಅದು ಆಧರಿಸಿದ ವಿಶ್ವಸಂಸ್ಥೆಯ ಸನ್ನದಿನ ವಿಧಿಗಳನ್ನು ನೋಡಿಯೇ ಬದ್ಧತೆಯ ಮಾತಾಡಬೇಕು.

ಮೊದಲು ಅಸಲು ಪ್ರತಿ

ಕಾಗದದ ತಲೆಯ ಮೇಲಿನ ಗುರುತು ನೋಡಿ. ‘ಎಸ್’ ಅಕ್ಷರದಿಂದ ಶುರುವಾಗಿದ್ದರೆ ಅದು ಭದ್ರತಾ ಮಂಡಳಿಯದು, ‘ಎ’ ಎಂದಿದ್ದರೆ ಸಾಮಾನ್ಯ ಸಭೆಯದು. ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ. 193 ದೇಶಗಳ ಸಾಮಾನ್ಯ ಸಭೆ ಯುದ್ಧ ಮತ್ತು ಶಾಂತಿಯ ವಿಷಯದಲ್ಲಿ ಶಿಫಾರಸು ಮಾಡಬಹುದಷ್ಟೇ. 15 ಸದಸ್ಯರ ಮಂಡಳಿಯ ತೀರ್ಮಾನಗಳನ್ನಾದರೋ ಒಪ್ಪಿ ನಡೆಸಿಕೊಡುತ್ತೇವೆಂದು ಸದಸ್ಯ ರಾಷ್ಟ್ರಗಳು ಸನ್ನದಿನ 25ನೇ ವಿಧಿಯಲ್ಲಿ ಮಾತು ಕೊಟ್ಟಿವೆ.

ಆಮೇಲೆ ಕ್ರಿಯಾಪದ

ನಿರ್ಣಯ ಎಷ್ಟೇ ಉದ್ದವಿದ್ದರೂ ಇಂಗ್ಲಿಷಿನಲ್ಲಿ ಅದು ಒಂದೇ ವಾಕ್ಯ. ‘ಭದ್ರತಾ ಮಂಡಳಿಯು’ ಎಂಬ ಕರ್ತೃಪದ ಮೊದಲ ಸಾಲಿನಲ್ಲಿ ಬಂದರೆ ಪೂರ್ಣವಿರಾಮ ಬೀಳುವುದು ಕೊಟ್ಟಕೊನೆಗೆ. ಮೇಲ್ಭಾಗದಲ್ಲಿ ಸಂಖ್ಯೆಯಿಲ್ಲದ ಪ್ಯಾರಾಗಳು ‘ನೆನೆಯುತ್ತಾ’, ‘ಗಮನಿಸಿ’, ‘ತೀವ್ರ ಕಳವಳಗೊಂಡು’ ಎಂಬ ಧಾಟಿಯಲ್ಲಿ ಸಾಗುತ್ತವೆ. ಶಾಲೆಯಲ್ಲಿ ಕಲಿತ ಕೃದಂತಾವ್ಯಯ ನೆನಪಿರುವವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ: ‘ಉಂಡು’ ಎಂದಷ್ಟಕ್ಕೆ ಮಾತು ಮುಗಿಯುವುದಿಲ್ಲ, ಉಂಡು ಏನು ಮಾಡಿದ ಎಂದು ಕೇಳಬೇಕಾಗುತ್ತದೆ. ಪೀಠಿಕೆಯೂ ಹಾಗೆಯೇ, ಅದು ಯಾರಿಗೂ ಯಾವ ಕೆಲಸವನ್ನೂ ಒಪ್ಪಿಸುವುದಿಲ್ಲ. ಸಂಖ್ಯೆ ಹಾಕಿದ ಪ್ಯಾರಾಗಳಲ್ಲಿ ಮಾತ್ರ ಪೂರ್ಣ ಕ್ರಿಯಾಪದ ಬರುತ್ತದೆ. ಅವಸರವಿದ್ದರೆ 1 ಎಂಬ ಅಂಕಿಯಿಂದಲೇ ಓದಲು ಶುರುಮಾಡಿ, ಪ್ರತಿ ಪ್ಯಾರಾದ ಕ್ರಿಯಾಪದಕ್ಕೆ ಅಡಿಗೆರೆ ಎಳೆಯಿರಿ.

ಈ ಕ್ರಿಯಾಪದಗಳ ತೂಕ ಒಂದೇ ಅಲ್ಲ. ‘ತೀರ್ಮಾನಿಸುತ್ತದೆ’ ಎಂಬುದು ಎಲ್ಲಕ್ಕಿಂತ ಭಾರವಾದದ್ದು, ‘ಆಗ್ರಹಿಸುತ್ತದೆ’ ಅದರ ಬೆನ್ನಿಗೇ ಬರುತ್ತದೆ. ‘ಒತ್ತಾಯಿಸುತ್ತದೆ’, ‘ಕರೆ ಕೊಡುತ್ತದೆ’ ಎಂಬಲ್ಲಿಗೆ ದನಿ ಇಳಿಯುತ್ತದೆ, ‘ಶಿಫಾರಸು ಮಾಡುತ್ತದೆ’ ಎಂಬಲ್ಲಿ ಒಪ್ಪುವುದೂ ಬಿಡುವುದೂ ಎದುರಿನವರಿಗೆ ಬಿಟ್ಟದ್ದು. ಡೆಸ್ಕಿನಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೊಮ್ಮೆ ‘ಒತ್ತಾಯಿಸಿದೆ’ ಎಂಬ ಪದ ಕಾಲಮ್ಮಿನ ಅಗಲಕ್ಕೆ ಕೂರಲಿಲ್ಲವೆಂದು ‘ಆದೇಶ’ ಎಂದು ಶೀರ್ಷಿಕೆ ಕೊಟ್ಟು ಪುಟ ಕಳಿಸಿದ್ದೆ. ಮಂಡಳಿ ಕೊಡದ ಆದೇಶವನ್ನು ನಮ್ಮ ಪುಟ ಕೊಟ್ಟುಬಿಟ್ಟಿತ್ತು. ಕನ್ನಡದ ಅಂತರರಾಷ್ಟ್ರೀಯ ಪುಟಗಳಲ್ಲಿ ಇಂಥ ಬಡ್ತಿ ಇಂದಿಗೂ ಆಗಾಗ ಕಾಣುತ್ತದೆ, ಆದ್ದರಿಂದ ಶೀರ್ಷಿಕೆಯಲ್ಲಿ ‘ಆದೇಶ’ ಕಂಡಾಗಲೆಲ್ಲ ಅಸಲು ಪ್ರತಿಯನ್ನು ತೆರೆದು ನೋಡುವುದು ಲೇಸು.

2728ನೇ ನಿರ್ಣಯಕ್ಕೇ ಬರೋಣ. ಒಂದನೇ ಪ್ಯಾರಾದ ಕ್ರಿಯಾಪದ ‘ಆಗ್ರಹಿಸುತ್ತದೆ’. ಕದನ ವಿರಾಮಕ್ಕೂ ಒತ್ತೆಯಾಳುಗಳ ಬೇಷರತ್ ಬಿಡುಗಡೆಗೂ ಅದೇ ಕ್ರಿಯಾಪದ ಎರಡು ಸಲ ಬಳಕೆಯಾಗಿದೆ, ಆದರೆ ಒಂದಕ್ಕೆ ಇನ್ನೊಂದು ಷರತ್ತು ಎಂದು ಎಲ್ಲಿಯೂ ಹೇಳಿಲ್ಲ. ರಂಜಾನ್ ಆಗಲೇ ಅರ್ಧ ಮುಗಿದಿತ್ತು. ಆ ವಿರಾಮ ಮುಂದೆ ‘ಬಾಳಿಕೆಯ’ ವಿರಾಮಕ್ಕೆ ದಾರಿಯಾಗಬೇಕು ಎಂದು ವಾಕ್ಯ ಮುಂದುವರಿಯುತ್ತದೆ. ಕರಡಿನಲ್ಲಿ ಆ ಜಾಗದಲ್ಲಿದ್ದ ಪದ ‘ಶಾಶ್ವತ’. ಕೊನೆಯ ಗಳಿಗೆಯಲ್ಲಿ ಅದನ್ನು ತೆಗೆಯಲಾಯಿತು, ಮತ್ತೆ ಸೇರಿಸಬೇಕೆಂದು ರಷ್ಯಾ ಮಂಡಿಸಿದ ತಿದ್ದುಪಡಿ ಬಿದ್ದುಹೋಯಿತು. ಒಂದು ಗುಣವಾಚಕಕ್ಕೆ ಇಷ್ಟೊಂದು ಜಗ್ಗಾಟವೇಕೆ ಎನಿಸಬಹುದು, ಆದರೆ ಯುದ್ಧ ಮತ್ತೆ ಶುರುವಾದರೆ ಅದು ನಿರ್ಣಯದ ಉಲ್ಲಂಘನೆಯೋ ಅಲ್ಲವೋ ಎಂಬುದು ಆ ಒಂದು ಪದದ ಮೇಲೆ ನಿಂತಿರುತ್ತದೆ.

ಪದಕ್ಕಿಂತ ಚಿಕ್ಕದೂ ಜಗಳಕ್ಕೆ ಸಾಕು. ಅರಬ್–ಇಸ್ರೇಲ್ ಯುದ್ಧದ ನಂತರ, 1967ರ ನವೆಂಬರ್ 22ರಂದು ಅವಿರೋಧವಾಗಿ ಅಂಗೀಕಾರವಾದ 242ನೇ ನಿರ್ಣಯ, ‘ಆಕ್ರಮಿಸಿದ ಪ್ರದೇಶಗಳಿಂದ’ ಇಸ್ರೇಲಿ ಪಡೆಗಳು ಹಿಂದೆ ಸರಿಯಬೇಕು ಎಂಬ ತತ್ವವನ್ನು ಮುಂದಿಟ್ಟಿತು. ಇಂಗ್ಲಿಷ್ ಪಾಠದಲ್ಲಿ ‘ಪ್ರದೇಶಗಳು’ ಎಂಬುದರ ಹಿಂದೆ ‘ದಿ’ ಇಲ್ಲ, ಆದ್ದರಿಂದ ಎಲ್ಲ ಪ್ರದೇಶಗಳನ್ನೂ ಬಿಡಬೇಕಿಲ್ಲ ಎಂದು ಇಸ್ರೇಲ್ ವಾದಿಸಿತು. ಫ್ರೆಂಚ್ ಪಾಠದ ‘ದೇ’ ಎಂಬುದು ಎಲ್ಲ ಪ್ರದೇಶಗಳನ್ನೂ ಒಳಗೊಳ್ಳುತ್ತದೆ ಎಂದು ಅರಬ್ ದೇಶಗಳು ವಾದಿಸಿದವು. ನಮ್ಮ ಭಾಷೆಯಲ್ಲಿ ಇಂಥ ಉಪಪದವೇ ಇಲ್ಲದ ಕಾರಣ ಕನ್ನಡದ ‘ಪ್ರದೇಶಗಳಿಂದ’ ಈ ಇಡೀ ತಕರಾರನ್ನು ನುಂಗಿಬಿಡುತ್ತದೆ. ಅನುವಾದವನ್ನೇ ನೆಚ್ಚಿ ಕೂರಬಾರದು ಎನ್ನುವುದು ಇದಕ್ಕಾಗಿ.

ಯಾವ ಅಧ್ಯಾಯ?

ಸನ್ನದಿನ 6ನೇ ಅಧ್ಯಾಯ ವಿವಾದಗಳನ್ನು ಮಾತುಕತೆಯಲ್ಲಿ ಬಗೆಹರಿಸುವ ಕುರಿತದ್ದು, 7ನೆಯದು ದಿಗ್ಬಂಧನ ಮತ್ತು ಸೇನಾ ಕ್ರಮದ್ದು. ಕಾಶ್ಮೀರದ ಬಗ್ಗೆ ಭಾರತ 1948ರ ಜನವರಿ 1ರಂದು ದೂರು ಕೊಟ್ಟಿದ್ದು 35ನೇ ವಿಧಿಯಡಿ, ಅಂದರೆ 6ನೇ ಅಧ್ಯಾಯದಡಿ. ಅದೇ ವರ್ಷದ ಏಪ್ರಿಲ್ 21ರ 47ನೇ ನಿರ್ಣಯದಲ್ಲಿ ಎರಡೂ ಸರ್ಕಾರಗಳ ಮುಂದೆ ಕ್ರಮಗಳನ್ನಿಡುವ ಕ್ರಿಯಾಪದ ‘ಶಿಫಾರಸು ಮಾಡುತ್ತದೆ’. ಇದಕ್ಕೆ ಎದುರಾಗಿ, ಇರಾಕ್ ಆಕ್ರಮಿಸಿದ್ದ ಕುವೈತ್‌ನ ತೆರವಿಗಾಗಿ 1990ರ ನವೆಂಬರ್ 29ರಂದು ಬಂದ 678ನೇ ನಿರ್ಣಯ 7ನೇ ಅಧ್ಯಾಯವನ್ನು ಹೆಸರಿಸಿ ‘ಅಗತ್ಯವಾದ ಎಲ್ಲ ಮಾರ್ಗ’ಗಳಿಗೆ ಅನುಮತಿ ಕೊಟ್ಟಿತು. ರಾಜತಾಂತ್ರಿಕರ ಭಾಷೆಯಲ್ಲಿ ಆ ಮೂರು ಪದಗಳ ಅರ್ಥ ಯುದ್ಧ. ಇರಾಕ್ ಕುರಿತ 2002ರ ನವೆಂಬರ್ 8ರ 1441ನೇ ನಿರ್ಣಯದಲ್ಲಿ ಆ ಪದಗಳಿರಲಿಲ್ಲ, ‘ಗಂಭೀರ ಪರಿಣಾಮ’ದ ಎಚ್ಚರಿಕೆ ಮಾತ್ರ ಇತ್ತು. 2003ರ ಇರಾಕ್ ಯುದ್ಧ ಕಾನೂನುಬದ್ಧವೇ ಎಂಬ ಚರ್ಚೆಯ ಬೇರು ಈ ವ್ಯತ್ಯಾಸದಲ್ಲಿದೆ.

2728ರಲ್ಲಿ 7ನೇ ಅಧ್ಯಾಯದ ಹೆಸರಿಲ್ಲ ನಿಜ. ಆದರೆ 25ನೇ ವಿಧಿ 7ನೇ ಅಧ್ಯಾಯಕ್ಕಷ್ಟೇ ಸೀಮಿತವಲ್ಲ ಎಂದೂ ನ್ಯಾಯಾಲಯ 1971ರಲ್ಲಿ ಹೇಳಿದೆ. ‘ಆಗ್ರಹಿಸುತ್ತದೆ’ ಎಂಬ ಕ್ರಿಯಾಪದವನ್ನೂ ಇದನ್ನೂ ಒಟ್ಟಿಗಿಟ್ಟು ನೋಡಿದರೆ ಬದ್ಧತೆಯಿಲ್ಲ ಎಂಬ ವಾದ ನನಗೆ ದುರ್ಬಲವಾಗಿ ಕಾಣುತ್ತದೆ. ಪಾಲಿಸದಿದ್ದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಈ ನಿರ್ಣಯದಲ್ಲಿ ಒಂದು ಸಾಲೂ ಇಲ್ಲ, ಮತ್ತು ಆ ರಂಜಾನಿನಲ್ಲಿ ಗುಂಡಿನ ಸದ್ದು ನಿಲ್ಲಲೂ ಇಲ್ಲ.

ಈಗ ಮತ ಎಣಿಸಿ

ನಿರ್ಣಯ ಗೆಲ್ಲಲು ಒಂಬತ್ತು ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಯಾರೂ ವಿರುದ್ಧ ಮತ ಹಾಕಿರಬಾರದು. ದೂರ ಉಳಿದರೆ ಅದು ವೀಟೊ ಅಲ್ಲ. ಕಾರ್ಯವಿಧಾನದ ವಿಷಯಕ್ಕೆ ವೀಟೊ ತಾಗುವುದೂ ಇಲ್ಲ, ಮತ್ತು ಇದನ್ನು 2022ರ ಫೆಬ್ರುವರಿಯಲ್ಲಿ ಎರಡೇ ದಿನಗಳ ಅಂತರದಲ್ಲಿ ನೋಡಿದೆವು. 25ರಂದು ಉಕ್ರೇನ್ ಮೇಲಿನ ಆಕ್ರಮಣವನ್ನು ಖಂಡಿಸುವ ಕರಡಿನ ಪರ 11, ವಿರುದ್ಧ ರಷ್ಯಾದ 1. ಭಾರತ, ಚೀನಾ, ಯುಎಇ ದೂರ. ಕರಡು ಸತ್ತಿತು. 27ರಂದು, ವಿಷಯವನ್ನು ಸಾಮಾನ್ಯ ಸಭೆಯ ತುರ್ತು ವಿಶೇಷ ಅಧಿವೇಶನಕ್ಕೆ ಒಯ್ಯುವ 2623ನೇ ನಿರ್ಣಯಕ್ಕೂ ಅದೇ ಲೆಕ್ಕ, ಅದೇ ದೇಶಗಳು: 11, 1, 3. ಅದು ಕಾರ್ಯವಿಧಾನದ ಮತದಾನವಾದ್ದರಿಂದ ನಿರ್ಣಯ ಗೆದ್ದಿತು. ಮಾರ್ಚ್ 2ರಂದು ಸಾಮಾನ್ಯ ಸಭೆಯಲ್ಲಿ 141 ದೇಶಗಳು ಆಕ್ರಮಣವನ್ನು ವಿರೋಧಿಸುವ ನಿರ್ಣಯದ ಪರ ನಿಂತವು.

ಮತ ಹಾಕದೆ ಕೂರುವುದು ಇನ್ನೊಂದು ಬಗೆ. 1950ರ ಜೂನ್‌ನಲ್ಲಿ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ, ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್. ದಕ್ಷಿಣ ಕೊರಿಯಾಕ್ಕೆ ನೆರವು ನೀಡಬೇಕೆಂದು ಶಿಫಾರಸು ಮಾಡುವ 83ನೇ ನಿರ್ಣಯ 27ರಂದು ಮತಕ್ಕೆ ಬಂದಾಗ ದೆಹಲಿಯಿಂದ ಸೂಚನೆ ಬಂದಿರಲಿಲ್ಲ, ಹಾಗಾಗಿ ಭಾರತ ಮತದಾನದಲ್ಲಿ ಭಾಗವಹಿಸಲಿಲ್ಲ. ಸರ್ಕಾರ ನಿರ್ಣಯವನ್ನು ಒಪ್ಪಿದ್ದು ಆಮೇಲೆ. ಸೋವಿಯತ್ ಒಕ್ಕೂಟ ಸಭೆಗಳನ್ನೇ ಬಹಿಷ್ಕರಿಸಿದ್ದರಿಂದ ವೀಟೊ ಹಾಕಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಮತದ ಕಾರಣ ತಿಳಿಯಬೇಕಾದರೆ ‘ಪಿವಿ’ ಎಂಬ ಗುರುತಿನ ಸಭಾ ನಡಾವಳಿಯನ್ನು ತೆರೆಯಿರಿ. ಮತದಾನದ ಹಿಂದು ಮುಂದು ಪ್ರತಿನಿಧಿಗಳು ಆಡಿದ ಮಾತು ಅಕ್ಷರಶಃ ಅಲ್ಲಿರುತ್ತದೆ, ಭಾರತ ಏಕೆ ದೂರ ಉಳಿಯಿತು ಎಂಬುದಕ್ಕೆ ಟಿವಿ ಚರ್ಚೆಗಿಂತ ಅದು ನಂಬಿಕಸ್ತ ಆಕರ.

ಕೊನೆಯ ಪ್ಯಾರಾವನ್ನು ಜನ ಓದದೆ ಬಿಡುತ್ತಾರೆ. ವಿಷಯವನ್ನು ತನ್ನ ಮುಂದೆಯೇ ಇಟ್ಟುಕೊಳ್ಳಲು ಮಂಡಳಿ ‘ತೀರ್ಮಾನಿಸುತ್ತದೆ’ ಎಂದು ಅಲ್ಲಿ ಸಾಮಾನ್ಯವಾಗಿ ಇರುತ್ತದೆ. ಸರ್ಕಾರಿ ಕಚೇರಿಯ ಭಾಷೆಯಲ್ಲಿ, ಕಡತ ಮುಚ್ಚಿಲ್ಲ. ಹೀಗೆ ಮುಚ್ಚದ ಕಡತಗಳ ಪಟ್ಟಿಯೊಂದನ್ನು ಮಂಡಳಿ ಇಟ್ಟುಕೊಂಡಿದೆ, ‘ಭಾರತ–ಪಾಕಿಸ್ತಾನ ಪ್ರಶ್ನೆ’ ಎಂಬ 1948ರ ಕಡತವೂ ಅದರಲ್ಲಿದೆ.